ಲಾರಿ ಹತ್ತದೆ ಉಳಿದ ಹುಡುಗಿಯ ನಡತೆ

ವಿಶ್ವವಿದ್ಯಾಲಯದ ಕುಲಪತಿಗಳ ಸಮ್ಮುಖಕ್ಕೆ,

ಮಾನ್ಯರೇ,

ನಮ್ಮ ಮಾವನವರ ಹೆಸರಿನಲ್ಲಿ ತಾವು ಪ್ರತಿವರ್ಷ ಕೊಡುವ ಚಿನ್ನದ ಪದಕವನ್ನು ಈ ಸಲ ತಪ್ಪು ಕೊರಳಿಗೆ ಹಾಕಿದ್ದೀರಿ. ಅಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಪದಕ ಯಾರಿಗೆ ಸಲ್ಲಬೇಕಿತ್ತೋ ಆ ಹುಡುಗಿಯ ಕೈಗೆ ‘ನಡತೆ ತೃಪ್ತಿಕರವಲ್ಲ’ ಎಂಬ ಪ್ರಮಾಣಪತ್ರ ಕೊಟ್ಟು ಕಾಲೇಜಿನಿಂದ ಆಚೆ ಕಳಿಸಲಾಗಿದೆ. ಈ ವಿಷಯವಾಗಿ ತಮ್ಮ ಕಚೇರಿಗೆ ಎರಡು ಸಲ ಬರೆದೆ. ಮೊದಲನೆಯದಕ್ಕೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂತು, ಎರಡನೆಯದಕ್ಕೆ ಅದೂ ಬರಲಿಲ್ಲ. ಆದ್ದರಿಂದ ನಮ್ಮ ಜಿಲ್ಲೆಯ ಈ ಪತ್ರಿಕೆಯಲ್ಲಿ, ಊರವರೆಲ್ಲ ಓದುವ ಹಾಗೆ ಕೇಳುತ್ತಿದ್ದೇನೆ. ಇದು ಅವಿಧೇಯತೆ ಎನಿಸಿದರೆ ನನ್ನ ನಡತೆಯ ಕಾಲಂನಲ್ಲೂ ತಮಗೆ ತೋಚಿದ್ದನ್ನು ಬರೆದುಕೊಳ್ಳಬಹುದು.

ನಾನು ಯಾರೆಂದು ಮೊದಲು ಹೇಳಬೇಕು. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ನಡೆಸುತ್ತೇನೆ. ಯಜಮಾನರು ಹೋದ ಮೇಲೆ ತಕ್ಕಡಿಯ ಮುಂದೆ ಕೂತವಳು ಇನ್ನೂ ಎದ್ದಿಲ್ಲ. ಮಾವನವರು ಓದಿದವರಲ್ಲ, ಓದಿದವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ನಮ್ಮ ಕಡೆಯ ಕಾಲೇಜುಗಳಲ್ಲಿ ವಿದ್ವತ್ತು, ನಾಯಕತ್ವ, ಸೇವೆ ಮೂರರಲ್ಲೂ ಮಿಗಿಲಾದ ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೊಂದು ಪದಕ ಸಿಗಲಿ ಎಂದು ಅವರು ಏರ್ಪಾಟು ಮಾಡಿದರು. ದಾನಿಗಳ ಮನೆಯವರೊಬ್ಬರು ಆಯ್ಕೆ ಸಮಿತಿಯಲ್ಲಿರಬೇಕು ಎಂಬುದು ತಮ್ಮದೇ ನಿಯಮ. ಆ ನಿಯಮದಂತೆ ನಾನೂ ಅಲ್ಲಿ ಒಂದು ಕುರ್ಚಿಯಲ್ಲಿ ಕೂತಿದ್ದೆ. ನನ್ನ ಮಾತಿಗೂ ಒಂದು ಕುರ್ಚಿ ಇರಬಹುದು ಎಂದುಕೊಂಡದ್ದು ನನ್ನ ತಿಳಿಗೇಡಿತನ.

ಹುಡುಗಿಯ ಹೆಸರು ಭೂತಮ್ಮ. ಕಂದಿಕೆರೆ ಕಡೆಯವಳು. ತಂದೆ ಸಣ್ಣತಿಮ್ಮಯ್ಯ ಕುರಿ ಸಾಕಿದವರು. ಈ ಹೆಸರು ಕೂಗಿದಾಗಲೆಲ್ಲ ತರಗತಿಯಲ್ಲಿ ನಗು ಏಳುತ್ತಿತ್ತಂತೆ, ಮೊದಲ ವರ್ಷದ ಫಲಿತಾಂಶ ಬರುವವರೆಗೆ. ಬಿ.ಎಸ್ಸಿ.ಯ ಮೊದಲೆರಡು ವರ್ಷವೂ ತಮ್ಮ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲೇ ಇದ್ದವಳು. ಹಾಗಾಗಿ ವಿದ್ವತ್ತಿನ ಬಗ್ಗೆ ಸಮಿತಿಯಲ್ಲಿ ತಕರಾರು ಬರಲಿಲ್ಲ. ಉಳಿದೆರಡಕ್ಕೆ ಬಂತು. ಅದಕ್ಕೆ ಕಾರಣವಾದ ಘಟನೆಯನ್ನು ನಾನು ಯಾರಿಂದಲೋ ಕೇಳಿದ್ದಲ್ಲ, ಕಣ್ಣಾರೆ ಕಂಡದ್ದು.

ಹೋದ ದಸರಾ ರಜೆಯಲ್ಲಿ ಕಾಲೇಜಿನವರು ಬೋರನಕಣಿವೆಯ ಹತ್ತಿರದ ಒಂದು ಹಟ್ಟಿಯಲ್ಲಿ ಸೇವಾ ಶಿಬಿರ ಹೂಡಿದ್ದರು. ಹತ್ತು ದಿನ ರಸ್ತೆ ಮಾಡುವುದು, ಚರಂಡಿ ತೋಡುವುದು ಎಂದು ನಿಶ್ಚಯವಾಗಿತ್ತು. ಆ ಹಟ್ಟಿಯ ಪಕ್ಕದಲ್ಲೇ ನಮ್ಮದೊಂದು ತೆಂಗಿನ ತೋಟವಿದೆ. ಕಾಯಿ ಕೀಳಿಸಲು ನಾನು ಅಲ್ಲೇ ಬಂದು ಉಳಿದಿದ್ದೆ. ಶಿಬಿರದ ನಾಲ್ಕನೆಯ ದಿನ ಬೆಳಿಗ್ಗೆ ಹಟ್ಟಿಯಲ್ಲಿ ವಾಂತಿಭೇದಿ ಶುರುವಾಯಿತು. ಹಿಂದಿನ ವಾರದ ಮಳೆಗೆ ತಿಪ್ಪೆಯ ನೀರೆಲ್ಲ ಬಾವಿಗೆ ಇಳಿದಿತ್ತು. ಹೊತ್ತೇರುವುದರೊಳಗೆ ಒಂದು ಹೆಣ ಬಿತ್ತು. ಮೇಲ್ವಿಚಾರಣೆಗೆ ಬಂದಿದ್ದ ಅಧ್ಯಾಪಕರು ಲಾರಿ ತರಿಸಿ, ಎಲ್ಲರೂ ಗಂಟುಮೂಟೆ ಕಟ್ಟಿ ಎಂದರು. ಮಕ್ಕಳ ಪ್ರಾಣದ ಹೊಣೆ ಅವರ ಮೇಲಿತ್ತು. ಹೊರಟದ್ದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಇಷ್ಟು ದಿನ ‘ಗ್ರಾಮಸೇವೆ’ ಎಂದು ಹಾಡಿಕೊಂಡು ಗುದ್ದಲಿ ಹಿಡಿದವರು, ಆ ಬಾವಿಯ ನೀರು ಕುಡಿಯಬೇಡಿ ಎಂದು ಹಟ್ಟಿಯವರಿಗೆ ಒಂದು ಮಾತು ಹೇಳಿ ಹೋಗಬಾರದಿತ್ತೇ?

ಭೂತಮ್ಮ ಲಾರಿ ಹತ್ತಲಿಲ್ಲ. ಅಧ್ಯಾಪಕರು ಗದರಿದರು. ಅವಳು ಕೆಳಗೇ ನಿಂತು, “ನೀರ್ ಕುಡೀಬ್ಯಾಡಿ ಅಂತ ಯಾರಾದ್ರೂ ಹೇಳ್ಬೇಕಲ್ಲ ಸಾ. ನೀವ್ ಹೋಗಿ, ನಾನ್ ಆಮೇಲೆ ಬತ್ತೀನಿ” ಎಂದಳು. ಅದು ಅವಳ ಊರಲ್ಲ. ಅವಳ ನೆಂಟರಿಷ್ಟರು ಯಾರೂ ಅಲ್ಲಿರಲಿಲ್ಲ. ಲಾರಿ ಹೊರಟುಹೋಯಿತು.

ಅವಳು ಮಾಡಿದ ಮೊದಲ ಕೆಲಸವೆಂದರೆ ಜಾಲಿಮುಳ್ಳು ಎಳೆತಂದು ಬಾವಿಯ ಬಾಯಿಗೆ ಹಾಕಿ ಪಕ್ಕದಲ್ಲಿ ಕೂತದ್ದು. ಊರಿನ ಬಾವಿಗೆ ಹೊರಗಿನವಳು ಮುಳ್ಳು ಹಾಕಿದರೆ ಯಾರು ಸಹಿಸಿಯಾರು? ರಂಗಕ್ಕ ಎಂಬ ಹೆಂಗಸು ಬಿಂದಿಗೆ ಹಿಡಿದು ಬಂದಳು. ಅವಳ ಗಂಡ ಚಿಕ್ಕಹನುಮಯ್ಯ ಮನೆಯಲ್ಲಿ ನೀರು ನೀರು ಎಂದು ಒದ್ದಾಡುತ್ತಿದ್ದ. ನಮ್ಮ ಬಾವಿಗೆ ಮುಳ್ಳು ಹಾಕಲು ನೀನು ಯಾರೇ ಎಂದು ಜುಟ್ಟು ಹಿಡಿದು ಎಳೆದಳು. ನಾನು ತೋಟದಿಂದ ಓಡಿಬರುವ ಹೊತ್ತಿಗೆ ಹುಡುಗಿಯ ಹಣೆ ಕಲ್ಲಿಗೆ ಬಡಿದು ರಕ್ತ ಬಂದಿತ್ತು. ಅವಳು ಕೈ ಎತ್ತಲಿಲ್ಲ. “ಬೇಕಾದ್ರೆ ಇನ್ನೂ ಹೊಡಿ ಕಣವ್ವ. ಈ ನೀರ್ ಮಾತ್ರ ಕುಡೀಬ್ಯಾಡ” ಎಂದಳು. ಆಮೇಲೆ ನನ್ನ ಕಡೆ ತಿರುಗಿ, ನಮ್ಮ ತೋಟದ ಬಾವಿಯ ನೀರು ಬೇಕು, ಕಾಯಿಸಲು ಸೌದೆ ಬೇಕು, ಎಳನೀರು ಬೇಕು ಎಂದು ಕೇಳಿದಳು. ನಮ್ಮ ಸೀಮೆಯಲ್ಲಿ ಎಳನೀರು ಕೀಳುವುದೆಂದರೆ ಬೆಳೆಯುವ ಮಗುವಿನ ಕತ್ತು ಹಿಚುಕಿದಂತೆ. ಕಾಯಿ ಬಲಿತು ಅಟ್ಟಕ್ಕೇರಿ ಒಣಗಿ ಕೊಬ್ಬರಿಯಾಗಬೇಕು. ಮರ ಹತ್ತುವ ಆಳು ನನ್ನ ಮುಖ ನೋಡಿದ. “ಕೊಬ್ರಿ ಮುಂದಿನ್ ವರ್ಷನೂ ಆಯ್ತದೆ ಅಮ್ಮಾರೆ” ಎಂದಳು ಆ ಹುಡುಗಿ. ಗೊನೆಗೊನೆಯೇ ಇಳಿಸಲು ಹೇಳಿದೆ.

ಚಿಕ್ಕಹನುಮಯ್ಯ ಉಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೋದ. ಮಣ್ಣು ಮಾಡಿ ಬಂದ ರಂಗಕ್ಕ ಬೇಲಿಯ ಹತ್ತಿರ ಹೋಗಿ ಇನ್ನೊಂದು ಹೊರೆ ಮುಳ್ಳು ತಂದು ಬಾವಿಯ ಮೇಲೆ ಹಾಕಿದಳು. ಅದಾದ ಮೇಲೆ ಹಟ್ಟಿಯವರು ಯಾರೂ ಆ ಬಾವಿಯ ಹತ್ತಿರ ಸುಳಿಯಲಿಲ್ಲ.

ಆದರೆ ಎಳನೀರು, ಗಂಜಿ ಎಷ್ಟೆಂದು ಕಾಪಾಡೀತು? ಡಾಕ್ಟರು ಬೇಕಿತ್ತು. ಚಿಕ್ಕನಾಯಕನಹಳ್ಳಿಗೆ ನಾನು ಆಳು ಕಳಿಸಿದೆ. ಆಸ್ಪತ್ರೆಯ ವಾಹನ ಕೆಟ್ಟು ನಿಂತಿದೆ ಎಂಬ ಸುದ್ದಿಯೊಡನೆ ಅವನು ವಾಪಸು ಬಂದ. ಮಾರನೆಯ ಬೆಳಿಗ್ಗೆ ಅದೇ ರಸ್ತೆಯಲ್ಲಿ ಒಬ್ಬ ಅಧಿಕಾರಿಯ ಜೀಪು ಬೋರನಕಣಿವೆ ಕೆರೆಯ ಕಡೆಗೆ ಹೊರಟಿತ್ತು. ಭೂತಮ್ಮ ಹೋಗಿ ಅಡ್ಡ ನಿಂತಳು. ಅವಳ ಪಕ್ಕದಲ್ಲಿ ರಂಗಕ್ಕ, ಹಿಂದೆ ಹಟ್ಟಿಯ ಹೆಂಗಸರು. ಅಧಿಕಾರಿಗಳು ತಪಾಸಣೆಗೆ ಹೊತ್ತಾಯಿತು ಎಂದರು, ದಾರಿ ಬಿಡದಿದ್ದರೆ ಪೊಲೀಸರನ್ನು ಕರೆಸುತ್ತೇನೆ ಎಂದರು. ಕರೆಸಿ, ಬರುವಾಗ ಡಾಕ್ಟರನ್ನೂ ಕರೆತರಲಿ ಎಂದು ಹುಡುಗಿ ಉತ್ತರಿಸಿದಳು. ಡ್ರೈವರ್ ಆಂಜನಪ್ಪ ಎಂಜಿನ್ ಆರಿಸಿ ಕೆಳಗಿಳಿದ. ಹತ್ತಿರದ ಗುಡಿಸಲೊಳಗೆ ಇಣುಕಿ ನೋಡಿ ಬಂದು, “ಸ್ವಾಮಿ, ನಾನ್ ಈ ಗಾಡೀನ ಮುಂದಕ್ಕೆ ಓಡ್ಸಕ್ಕಾಗಲ್ಲ. ಹಿಂದಕ್ಕಾದ್ರೆ ಓಡಿಸ್ತೀನಿ” ಎಂದ. ಜೀಪು ಚಿಕ್ಕನಾಯಕನಹಳ್ಳಿಗೆ ತಿರುಗಿತು. ಮಧ್ಯಾಹ್ನದೊಳಗೆ ಡಾಕ್ಟರು, ಕಾಂಪೌಂಡರು, ಗ್ಲೂಕೋಸ್ ಬಾಟಲಿ, ಬ್ಲೀಚಿಂಗ್ ಪುಡಿ ಎಲ್ಲ ಅದೇ ಜೀಪಿನಲ್ಲಿ ಬಂದವು. ಆಮೇಲೆ ಆ ಹಟ್ಟಿಯಲ್ಲಿ ಇನ್ನೊಂದು ಸಾವಾಗಲಿಲ್ಲ.

ಇನ್ನು ಇದೇ ಕಥೆ ಕಾಗದದ ಮೇಲೆ ಹೇಗಾಯಿತು ನೋಡಿ. ಶಿಬಿರ ಹತ್ತು ದಿನ ಯಶಸ್ವಿಯಾಗಿ ನಡೆಯಿತೆಂದು ಕಾಲೇಜು ವರದಿ ಕಳಿಸಿತು. ಲಾರಿಯಲ್ಲಿ ವಾಪಸು ಬಂದವರ ಹಾಜರಿ ಹಿಡಿದು ಅವರೆಲ್ಲರಿಗೂ ಸೇವಾ ಪ್ರಮಾಣಪತ್ರ ಹಂಚಿದರು. ಲಾರಿಯಲ್ಲಿ ಇಲ್ಲದವಳು ‘ಶಿಬಿರಕ್ಕೆ ಗೈರುಹಾಜರು’ ಎಂದಾದಳು. ರೋಗಿಗಳನ್ನು ಬಿಟ್ಟು ಬಂದವರು ಸೇವೆ ಸಲ್ಲಿಸಿದವರು, ಅವರ ಬಳಿ ಉಳಿದವಳು ಗೈರುಹಾಜರು! ಇಂಥ ತಕ್ಕಡಿ ನನ್ನ ಮಂಡಿಯಲ್ಲಿದ್ದರೆ ರೈತರು ನನ್ನನ್ನು ಊರು ಬಿಡಿಸುತ್ತಿದ್ದರು. ಜೀಪಿನ ಅಧಿಕಾರಿಗಳು ಸುಮ್ಮನಿರಲಿಲ್ಲ. ಸರ್ಕಾರಿ ಕರ್ತವ್ಯಕ್ಕೆ ಅಡ್ಡಿ, ಗುಂಪು ಕಟ್ಟಿ ಬೆದರಿಕೆ ಎಂದು ದೂರು ಬರೆದರು. ಕಾಲೇಜು ಅದನ್ನು ಶಿಸ್ತಿನ ಪ್ರಕರಣ ಮಾಡಿತು.

ಮೇ ತಿಂಗಳಲ್ಲಿ ಸಮಿತಿ ಸೇರಿದಾಗ ನಾನು ಕಂಡದ್ದನ್ನೆಲ್ಲ ಹೇಳಿದೆ. ಅಧ್ಯಕ್ಷರು ತಾಳ್ಮೆಯಿಂದ ಕೇಳಿ, ತಾಯಿಯವರ ಅಂತಃಕರಣ ದೊಡ್ಡದು, ಆದರೆ ಸಮಿತಿ ದಾಖಲೆಯ ಮೇಲೆ ನಡೆಯಬೇಕು ಎಂದರು. ನನ್ನ ಕಣ್ಣು ದಾಖಲೆಯಲ್ಲ. ಎಂದೂ ನಡೆಯದ ಆರು ದಿನದ ಶಿಬಿರ ದಾಖಲೆ. ನಾಯಕತ್ವವೆಂದರೆ ಏನು ಎಂದು ಕೇಳಿದೆ. ವಿದ್ಯಾರ್ಥಿ ಸಂಘದ ಪದಾಧಿಕಾರ, ವೇದಿಕೆಯ ಮೇಲಿನ ಭಾಷಣ, ಸ್ವಾಗತ ಸಮಿತಿಯ ಸದಸ್ಯತ್ವ ಎಂಬ ಉತ್ತರ ಬಂತು. ಸಾವಿನ ಮನೆಯಿಂದ ಎದ್ದುಬಂದ ಹೆಂಗಸನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಜೀಪು ತಿರುಗಿಸುವುದು ಯಾವ ಪದಾಧಿಕಾರದಲ್ಲಿ ಬರುತ್ತದೆ, ಮಾನ್ಯರೇ? ಪದಕ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ ತೋಂಟದಾರ್ಯನಿಗೆ ಹೋಯಿತು. ನಾನು ಒಪ್ಪುವುದಿಲ್ಲ ಎಂದು ಬರೆದು ಸಹಿ ಹಾಕಿ ಎದ್ದೆ.

ತೋಂಟದಾರ್ಯನನ್ನು ಯಾರೂ ಬೈಯಬಾರದು. ಪದಕ ಕೊಟ್ಟ ಮರುವಾರ ಅವನು ನಮ್ಮ ಮಂಡಿಗೆ ಬಂದ. ಕೊಬ್ಬರಿ ಚೀಲಗಳ ನಡುವೆ ಕೂತು, ತಾನೂ ಆ ಲಾರಿಯಲ್ಲಿದ್ದೆ, ಅವಳು ರಸ್ತೆಯಲ್ಲಿ ಒಬ್ಬಳೇ ನಿಂತದ್ದು ಇನ್ನೂ ಕಣ್ಣಮುಂದಿದೆ ಎಂದ. ಪದಕವನ್ನು ಮೇಜಿನ ಮೇಲಿಟ್ಟು ನೀವೇ ಇಟ್ಟುಕೊಳ್ಳಿ ಎಂದ. ಪದಕ ಬೇಡ, ನಿಜ ಬರೆದುಕೊಡಲು ಆಗುತ್ತದೆಯೇ ಎಂದು ಕೇಳಿದೆ. ಅಲ್ಲೇ ಕೂತು ಬರೆದ. ಶಿಬಿರ ನಾಲ್ಕನೆಯ ದಿನವೇ ಮುಗಿಯಿತೆಂದು ಸಹಿ ಹಾಕಿ ತಾನೇ ಪ್ರಾಂಶುಪಾಲರಿಗೆ ಕೊಟ್ಟ. ಮುಂದೆ ಓದುವ ಆಸೆ ಇದ್ದರೆ ಇದನ್ನು ವಾಪಸು ತೆಗೆದುಕೋ ಎಂದು ಅವನಿಗೆ ಹೇಳಿದರಂತೆ. ಅವನು ತೆಗೆದುಕೊಂಡಿಲ್ಲ. ಅದರ ನಕಲು ನನ್ನ ಎರಡನೆಯ ಪತ್ರದ ಜೊತೆ ತಮ್ಮ ಕಚೇರಿ ತಲುಪಿದೆ. ಈಗ ಅದು ದಾಖಲೆಯೋ, ಅದೂ ಅಂತಃಕರಣವೋ?

ಭೂತಮ್ಮನಿಗೂ ಒಂದು ಅವಕಾಶ ಕೊಟ್ಟರು, ಸುಳ್ಳು ಹೇಳಬಾರದು. ಕ್ಷಮಾಪಣೆ ಬರೆದುಕೊಟ್ಟರೆ ನಡತೆ ತೃಪ್ತಿಕರವಾಗುತ್ತದೆ ಎಂದರು. ಹುಡುಗಿ ಬೇಡಿಕೊಂಡಳೆಂದು ನಾನೂ ಜೊತೆಗೆ ಹೋಗಿದ್ದೆ. ಪ್ರಾಂಶುಪಾಲರು ಬಿಳಿ ಹಾಳೆ ಮುಂದಿಟ್ಟರು. ಅವಳು ಲೇಖನಿ ಕೈಗೆ ತೆಗೆದುಕೊಂಡಳು. ಎಂ.ಎಸ್ಸಿ. ಓದಬೇಕೆಂಬ ಆಸೆ ಆ ಕೈಯಲ್ಲೇ ಇತ್ತು.

“ಜೀಪು ನಿಲ್ಸಿದ್ದು ತಪ್ಪಾಯ್ತು ಅಂತ ಬರ್ಕೊಡ್ತೀನಿ ಸಾ. ಆ ಜೀಪಲ್ಲಿ ಯಾರ್ ಬಂದ್ರು, ಆಮೇಲೆ ಯಾರ್ಯಾರು ಉಳುದ್ರು ಅನ್ನೋದ್ನೂ ಅದೇ ಹಾಳೇಲಿ ಬರೀತೀನಿ.”

ಹಾಗೆಯೇ ಬರೆದಳು. ಪ್ರಾಂಶುಪಾಲರು ಓದಿ, ಮೊದಲನೆಯ ಸಾಲು ಸಾಕು, ಉಳಿದದ್ದು ಹೊಡೆದುಹಾಕು ಎಂದರು. ಅವಳು ಲೇಖನಿಯ ಮುಚ್ಚಳ ಹಾಕಿ ಎದ್ದಳು. ಜೂನ್ ತಿಂಗಳಲ್ಲಿ ಆ ಪ್ರಮಾಣಪತ್ರ ಬಂತು. ಪರೀಕ್ಷೆಯಲ್ಲಿ ಮೊದಲ ದರ್ಜೆ, ನಡತೆಯಲ್ಲಿ ಇದು. ಅದನ್ನು ನೋಡಿದ ಮೇಲೆ ಎಂ.ಎಸ್ಸಿ. ಸಂದರ್ಶನಕ್ಕೆ ಕರೆಯುವುದಿಲ್ಲವೆಂದು ತಮ್ಮದೇ ವಿಭಾಗದವರು ತಿಳಿಸಿದ್ದಾರೆ. ಸಂದರ್ಶನ ಈ ತಿಂಗಳ ಕೊನೆಗೆ. ಕಳೆದ ವಾರ ಅವಳನ್ನು ಕಂಡಾಗ ಪದಕದ ಮಾತು ಎತ್ತಬೇಡಿ ಎಂದು ಕೈ ಹಿಡಿದುಕೊಂಡಳು. ಆದ್ದರಿಂದ ಅವಳ ಪರವಾಗಿ ಪದಕ ಕೇಳುತ್ತಿಲ್ಲ.

ನಾನು ಕೇಳುವುದು ಇಷ್ಟು. ಸಂದರ್ಶನಕ್ಕೆ ಮುಂಚೆ ಆ ಪ್ರಮಾಣಪತ್ರವನ್ನು ರದ್ದು ಮಾಡಿ ಬೇರೆಯದನ್ನು ಕೊಡಿಸಿ. ಶಿಬಿರದ ವರದಿಯನ್ನು ಹಟ್ಟಿಯವರ ಎದುರಿಗೆ, ಹಟ್ಟಿಯಲ್ಲೇ ಓದಿಸಿ ವಿಚಾರಣೆ ಮಾಡಿಸಿ. ರಂಗಕ್ಕ ಬರುತ್ತಾಳೆ, ಆಂಜನಪ್ಪನೂ ಬರುತ್ತೇನೆ ಎಂದಿದ್ದಾನೆ. ಇವೆರಡೂ ಆಗುವವರೆಗೆ ನಮ್ಮ ಮಾವನವರ ಹೆಸರಿನಲ್ಲಿ ಯಾರಿಗೂ ಪದಕ ಕೊಡಕೂಡದು. ಸೇವೆ ಎಂಬ ಪದವನ್ನು ಅವರು ತಿಳಿದೇ ಬರೆಸಿದ್ದರು.

ಮೊನ್ನೆ ಸಣ್ಣತಿಮ್ಮಯ್ಯ ಕಂದಿಕೆರೆಯಿಂದ ಬಸ್ಸಿನಲ್ಲಿ ನಮ್ಮ ಮಂಡಿಗೆ ಬಂದಿದ್ದರು. ಮಗಳು ಅವರಿಗೆ ಏನೂ ಹೇಳಿಲ್ಲ. ಒಗೆದ ವಸ್ತ್ರದಲ್ಲಿ ಸುತ್ತಿದ್ದ ಆ ಪ್ರಮಾಣಪತ್ರ ಬಿಚ್ಚಿ ನನ್ನ ಮುಂದೆ ಹಿಡಿದರು. ನಮ್ಮೂರ ಹಟ್ಟಿಯಲ್ಲಿ ಎಲ್ಲರಿಗೂ ತೋರಿಸಿದ್ದೇನೆ, ಓದಿ ಹೇಳುವವರು ಯಾರೂ ಸಿಗಲಿಲ್ಲ ಎಂದರು. “ಮಗಳ ಬಗ್ಗೆ ಏನ್ ಬರ್ದವ್ರೆ, ಒಸಿ ಗಟ್ಟಿಯಾಗಿ ಓದಿ ಅಮ್ಮಾರೆ” ಎಂದರು. ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದೇನೆ, ಮುಂದಿನ ಸಂತೆಗೆ ಬನ್ನಿ ಎಂದು ಕಳಿಸಿದೆ. ಅವರು ಬರುತ್ತಾರೆ. ಆ ಹೊತ್ತಿಗೆ ನಾನು ಅವರಿಗೆ ಗಟ್ಟಿಯಾಗಿ ಓದಬಹುದಾದ ಒಂದು ಕಾಗದ ತಮ್ಮಿಂದ ಬರಬೇಕು.

ಇಂತಿ,
ತಮ್ಮ ಸಮಿತಿಯಲ್ಲಿ ಕುರ್ಚಿ ಇದ್ದೂ ಕಣ್ಣಿಲ್ಲದವಳೆನಿಸಿಕೊಂಡ
ಗಿರಿಜಾಂಬಿಕಾ
ಕೊಬ್ಬರಿ ಮಂಡಿ, ತಿಪಟೂರು
ಜುಲೈ ೧೯೭೯