ತಾತನ ಫೋಟೋಗೆ ಬಿಳಿ ದುಪ್ಪಟಿ

ಪುಟ್ಟೀ,

ತಾತನ ಮಾತ್ರೆ ಮುಗಿದಿದೆ, ತರೋಕೆ ಹೋಗಿದ್ದೀನಿ. ಅಂಗಡಿಯಲ್ಲಿ ಜನ ಇದ್ದರೆ ತಡವಾಗುತ್ತೆ. ನಿನ್ನನ್ನು ಎಬ್ಬಿಸಲಿಲ್ಲ.

ಮೊನ್ನೆ ನೀನು ತೆಗೆದ ಎರಡು ಫೋಟೋ ನೋಡಿ ಗೋಡೆ ಕಡೆ ತಿರುಗಿ ಮಲಗಿದವರು, ಇವತ್ತು ಬೆಳಿಗ್ಗೆ ಗಡ್ಡ ತೆಗೆಯೋಕೆ ತಾವಾಗೇ ಮುಖ ಕೊಟ್ಟರು. "ಇನ್ನೊಂದೇ ಸಲ ತೆಗೀಲಿ, ಆಮೇಲೆ ನನ್ನ ಗೊಡವೆಗೆ ಬರಬಾರದು" ಅಂದರು. ಅಷ್ಟಕ್ಕೆ ಒಪ್ಪಿಸೋ ಹೊತ್ತಿಗೆ ನನಗೆ ಸಾಕುಸಾಕಾಯಿತು ತಾಯಿ.

ಫ್ಲ್ಯಾಶನ್ನು ಮುಖಕ್ಕೆ ನೇರ ಹಿಡಿಯಬೇಡ. ಮೊದಲನೇ ಫೋಟೋದಲ್ಲಿ ಸುಣ್ಣ ಬಳಿದ ಹಾಗೆ ಬಂದರು. ಮೇಲಕ್ಕೂ ತಿರುಗಿಸಬೇಡ. ಬಾಗಿಲಿಗೆ ಹಚ್ಚಿ ಉಳಿದ ಹಸಿರು ಬಣ್ಣವನ್ನು ಆ ಚಾವಣಿಗೆ ಬಳಿದವರು ಅವರೇ. ಎರಡನೇ ಫೋಟೋದಲ್ಲಿ ಅದರ ಹಸಿರು ಬೆಳಕು ಮುಖಕ್ಕೆ ಬಿದ್ದಿದ್ದಕ್ಕೆ "ನಾನೇನು ಪಾಚಿ ಕಟ್ಟಿದ ಕಲ್ಲಾ?" ಅಂದರಲ್ಲ.

ಮಂಚದ ಪಕ್ಕದ ಬೀರುವಿನ ಮೇಲಿಂದ ಬಿಳಿ ದುಪ್ಪಟಿ ಇಳಿಬಿಟ್ಟಿದ್ದೀನಿ. ಫ್ಲ್ಯಾಶಿನ ತಲೆ ಅದರ ಕಡೆ ತಿರುಗಿಸು, ಬೆಳಕು ಬಟ್ಟೆಗೆ ತಾಗಿ ಮೆತ್ತಗೆ ಮುಖಕ್ಕೆ ಬೀಳುತ್ತೆ. ಫ್ಲ್ಯಾಶಿನ ಬೆಳಕು ಕಮ್ಮಿ ಮಾಡು, ಕಿಟಕಿ ತೆರೆದಿಡು. ಬೆಕ್ಕಿನ ಫೋಟೋನ ನೀನು ಫ್ಲ್ಯಾಶನ್ನು ಬಿಳಿ ಗೋಡೆಗೆ ಹೀಗೇ ತಿರುಗಿಸಿ ತೆಗೆದಿದ್ದೆ, ಎಷ್ಟು ಮುದ್ದಾಗಿ ಬಂದಿತ್ತು. ಬೆಕ್ಕಿಗೆ ಕೊಟ್ಟ ಮರ್ಯಾದೆ ತಾತನಿಗೂ ಇರಲಿ.

ಮೊದಲು ಹಾಲು ಕುಡಿಸು. ಹೊಟ್ಟೆ ಹಸಿದರೆ ಮುಖ ಬಾಡುತ್ತೆ.

ಚೆನ್ನಾಗಿ ಬಂದರೆ ತೋರಿಸು. ಬರದಿದ್ದರೆ ಕ್ಯಾಮೆರಾ ಕೆಟ್ಟಿದೆ ಅನ್ನು, ನಾನೂ ಹೂಂ ಅಂತೀನಿ. ಕೆಟ್ಟಿದ್ದು ತಮ್ಮ ಮುಖ ಅಂತ ಅವರಿಗೆ ಇನ್ನೊಂದು ಸಲ ಅನ್ನಿಸಬಾರದು.

ಅಜ್ಜಿ