ಅಣ್ಣನ ತಾರಸಿಗೆ ಕಟ್ಟಿದ ತಂತಿ

ನಗರಸಭೆಯ ಕಟ್ಟಡ ನಿಯಂತ್ರಣಾಧಿಕಾರಿಗಳ ಸನ್ನಿಧಿಗೆ

ಮಾನ್ಯರೇ,

ತಮ್ಮ ಕಚೇರಿ ನಮ್ಮ ಗೇಟಿಗೆ ಅಂಟಿಸಿದ ಒಂದು ನೋಟೀಸಿನ ದೆಸೆಯಿಂದ ನನ್ನ ಅಣ್ಣನ ಪ್ರಾಣ ಹೋಗುವುದರಲ್ಲಿತ್ತು. ಹೋಗಲಿಲ್ಲ. ಹೋಗಿದ್ದರೂ ತಮಗೆ ತೊಂದರೆಯೇನೂ ಆಗುತ್ತಿರಲಿಲ್ಲ, ನಿಶ್ಚಿಂತೆಯಿಂದಿರಿ. ಆ ದಿನದ ಘಟನೆ ತಮ್ಮ ಕಡತದಲ್ಲಿ ‘ಸ್ವಯಂಪ್ರೇರಿತ ತೆರವು’ ಎಂದು ನಮೂದಾಗಿದೆ. ಈಗ ಎರಡನೆಯ ನೋಟೀಸು ಬಂದಿದೆ. ಸ್ವಯಂಪ್ರೇರಣೆಯಿಂದ ತೆಗೆದದ್ದನ್ನು ಮತ್ತೆ ಕಟ್ಟಿದ್ದೇಕೆ ಎಂದು ಕಾರಣ ಕೇಳಿದ್ದೀರಿ. ಕೇಳಿದ್ದಕ್ಕೆ ಉತ್ತರ ಕೊಡುವ ರೂಢಿ ನಮ್ಮ ಮನೆಯಲ್ಲಿದೆ. ಹಿಂದಿನ ಉತ್ತರಗಳು ತಮ್ಮ ಕಚೇರಿಯ ಬಾಗಿಲು ದಾಟಿದ ಮೇಲೆ ಏನಾದವೋ ತಿಳಿಯದು; ಆದ್ದರಿಂದ ಈ ಬಾರಿ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ದಿನವಿಡೀ ಬೇರೆಯವರಿಗೆ ದೂರದ್ದು ಕಾಣಲೆಂದು ದುಡಿಯುತ್ತೇನೆ. ಅಂಗಡಿಗೆ ಹೊರಡುವ ಮುಂಚೆ ದೂರದ್ದು ನನಗೊಂದಿಷ್ಟು ಕೇಳಲಿ ಎಂದು ಕೇಳಲೂ ಮಾತಾಡಲೂ ಬರುವ ಹವ್ಯಾಸಿ ರೇಡಿಯೋ ಇಟ್ಟುಕೊಂಡಿದ್ದೇನೆ, ಹ್ಯಾಮ್ ರೇಡಿಯೋ ಎನ್ನುತ್ತಾರಲ್ಲ ಅದು. ಪರೀಕ್ಷೆ ಬರೆದು ಪಡೆದ ಸರ್ಕಾರಿ ಪರವಾನಗಿ ಇದೆ. ಅದರ ಪ್ರತಿಯನ್ನು ತಮ್ಮ ಮೇಜಿನ ಮೇಲಿಟ್ಟಾಗ, “ಮೊಬೈಲ್ ಇದೆಯಲ್ಲಮ್ಮ, ಇದೆಲ್ಲ ಯಾಕೆ?” ಎಂದು ತಾವೇ ಕೇಳಿದಿರಿ. ಕೆರೆಯಲ್ಲಿ ಈಜುವವನನ್ನು ‘ದೋಣಿ ಇದೆಯಲ್ಲಪ್ಪ’ ಎಂದು ಯಾರಾದರೂ ಕೇಳುತ್ತಾರೆಯೇ? ಆದರೂ ಕೇಳಿದಿರಿ, ನಾನು ಹೇಳಿದೆ, ತಾವು ಗಡಿಯಾರ ನೋಡಿದಿರಿ.

ನನಗೆ ಹಿಡಿಸಿದ್ದು ಎಂಬತ್ತು ಮೀಟರ್ ಉದ್ದದ ರೇಡಿಯೋ ಅಲೆಗಳ ಪಟ್ಟಿ, ಅಂದರೆ ಬ್ಯಾಂಡ್. ಬಿಸಿಲೇರಿದರೆ ಅದು ಮಂಕಾಗುತ್ತದೆ, ನಸುಕಿನಲ್ಲಿ ಮಾತ್ರ ಸಮುದ್ರದಾಚೆಯ ದನಿಗಳನ್ನು ತಂದು ಕಿವಿಗೆ ಹಾಕುತ್ತದೆ. ತೊಂದರೆಯೆಂದರೆ ಅಲೆ ಉದ್ದವಾದಷ್ಟೂ ಅದನ್ನು ಹಿಡಿಯುವ ಆಂಟೆನಾ ಉದ್ದವಾಗಬೇಕು. ಕ್ರಮವಾಗಿ ಕಟ್ಟಿದರೆ ನೂರ ಮೂವತ್ತು ಅಡಿ ತಂತಿ ಬೇಕು. ನನ್ನ ನಿವೇಶನ ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಹಾಸಿಗೆ ಸಾಲದವರು ಕಾಲು ಮಡಚುತ್ತಾರೆ, ನಾನು ತಂತಿ ಮಡಚಿದೆ. ಅರ್ಧ ತಂತಿಯನ್ನಷ್ಟೇ ತೆಗೆದುಕೊಂಡು, ಗೋಡೆಗೆ ಬಿಗಿದ ಬಳುಕುವ ಕಂಬದ ಗುಂಟ ಮೂವತ್ತು ಅಡಿ ಮೇಲಕ್ಕೊಯ್ದು, ಕಂಬದ ತುದಿಯ ಬಳೆಯಲ್ಲಿ ತೂರಿಸಿ, ಅಲ್ಲಿಂದ ಅಡ್ಡಲಾಗಿ ಪಕ್ಕದ ತಾರಸಿಯ ನೀರಿನ ಟ್ಯಾಂಕಿನ ಕಬ್ಬಿಣದ ಚೌಕಟ್ಟಿಗೆ ಕಟ್ಟಿದೆ. ಉಳಿದರ್ಧದ ಕೆಲಸ ನೆಲದ್ದು. ಅದಕ್ಕೆಂದು ಹೂಕುಂಡಗಳ ಕೆಳಗೆ, ಬಟ್ಟೆ ಒಗೆಯುವ ಕಲ್ಲಿನ ಸುತ್ತ, ತೆಳು ತಂತಿಗಳನ್ನು ಬೇರಿನಂತೆ ಹೂತೆ. ಗಾಳಿಗೆ ತಂತಿ ಹರಿಯದಿರಲೆಂದು ಟ್ಯಾಂಕಿನ ಕಡೆಯ ತುದಿಗೆ ಹಗ್ಗ ಕಟ್ಟಿ, ರಾಟೆಯ ಮೇಲೆ ಹಾಯಿಸಿ, ಮರಳು ತುಂಬಿದ ಡಬ್ಬವನ್ನು ತೂಗಬಿಟ್ಟೆ. ಗಾಳಿ ಎಳೆದರೆ ಡಬ್ಬ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ತಮ್ಮ ನೋಟೀಸಿನಲ್ಲಿ ‘ಅನಧಿಕೃತ ಗೋಪುರ’ ಎಂದು ಕರೆದದ್ದು ಇದನ್ನೇ.

ಆ ಪಕ್ಕದ ತಾರಸಿ ನನ್ನ ಅಣ್ಣನದು. ಅಪ್ಪ ತನಗಿದ್ದ ಒಂದೇ ನಿವೇಶನವನ್ನು ನಡುವೆ ಗೋಡೆಯೆಳೆದು ಇಬ್ಬರಿಗೂ ಹಂಚಿದ್ದ. ಅಣ್ಣನಿಗೆ ಬೀಗ ರಿಪೇರಿಯ ಕೆಲಸ; ಬೀದಿಯವರಿಗೆಲ್ಲ ಅವನು ಬೀಗದಣ್ಣ. ಬೀಗದ ಹಾಗೆಯೇ ಬಾಯಿ. ತಂತಿ ಕಟ್ಟಿದ ಮೊದಲ ಬೆಳಿಗ್ಗೆ ಹಲ್ಲುಜ್ಜುತ್ತಲೇ ನನ್ನ ಕೋಣೆಗೆ ಬಂದು, ಗೊರಗೊರ ಸದ್ದಿನ ನಡುವೆ ಒಂದು ದನಿ ಕೇಳಿ ಬೆರಗಾದ.

“ಯಾರೇ ಅದು?”

“ಯಾವುದೋ ದ್ವೀಪದಲ್ಲಿ ಮೀನು ಹಿಡಿಯೋನಂತೆ.”

“ತಿಂಡಿ ಆಯ್ತಾ ಕೇಳು.”

ಕೇಳಿದೆ. ಅಲ್ಲಿ ಆಗ ರಾತ್ರಿಯೂಟದ ಹೊತ್ತಂತೆ. ಅಣ್ಣ ಅಂದು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಅದನ್ನು ಹೇಳಿದ. ವರ್ಷಕ್ಕಾಗುವಷ್ಟು ಮಾತು ಅವತ್ತೇ ಖರ್ಚಾಯಿತು.

ಅನಂತರ ಅವನ ಎದೆಯ ಬಡಿತ ನಿಧಾನವಾಗುತ್ತ ಬಂದು, ಒಂದು ದಿನ ಕೀಲಿ ಉಜ್ಜುತ್ತಿದ್ದವನು ಯಂತ್ರದ ಮೇಲೆ ಕುಸಿದ. ಎಡಹೆಗಲಿನ ಕೆಳಗೆ ಪೇಸ್‌ಮೇಕರ್ ಇಟ್ಟರು. ಅದರಿಂದ ಒಂದು ಸಣ್ಣ ತಂತಿ ಗುಂಡಿಗೆಯೊಳಕ್ಕೆ ಹೋಗುತ್ತದೆ. ಅದು ಅಲ್ಲಿ ಕಚ್ಚಿಕೊಳ್ಳುವವರೆಗೆ ಎಡಗೈಯನ್ನು ಹೆಗಲಿಗಿಂತ ಮೇಲೆತ್ತಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಆ ದಿನದಿಂದ ನಾನು ರೇಡಿಯೋ ಮುಟ್ಟಲಿಲ್ಲ. ಅವನ ಎದೆಯ ಯಂತ್ರಕ್ಕೂ ನನ್ನ ತಂತಿಗೂ ಆಗಿಬರುತ್ತದೆಯೋ ಇಲ್ಲವೋ ಎಂಬ ಅಳುಕು ನನಗೂ ಇತ್ತು. ಮನೆಯಲ್ಲಿ ಮಾತ್ರ “ಬಿಡುವಿಲ್ಲ” ಎಂದೆ.

ರೇಡಿಯೋ ಹೀಗೆ ಮುಸುಕು ಹೊದ್ದು ಮಲಗಿದ್ದಾಗಲೇ, ‘ಗೋಪುರದ ವಿಕಿರಣದಿಂದ ಹೃದ್ರೋಗಿಗೆ ಅಪಾಯ’ ಎಂಬ ತಮ್ಮ ನೋಟೀಸು ಬಂತು. ದೂರು ಕೊಟ್ಟವರು ‘ನಿವೇಶನಕ್ಕೆ ಹೊಂದಿಕೊಂಡಿರುವ ನಿವಾಸಿ’ಯಂತೆ, ‘ಹೆಸರು ಗೌಪ್ಯ’ವಂತೆ. ಮಾನ್ಯರೇ, ನನ್ನ ನಿವೇಶನದ ಮುಂದೆ ರಸ್ತೆ, ಹಿಂದೆ ಬೀಗ ಜಡಿದ ಗೋದಾಮು, ಒಂದು ಮಗ್ಗುಲಿಗೆ ಮೋರಿ. ಉಳಿದದ್ದು ಅಣ್ಣನ ಮನೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಗೊತ್ತಿತ್ತು. ಅದಕ್ಕೆ ಗೌಪ್ಯತೆ ಎಂಬ ಹೆಸರಿದೆ ಎಂದು ಗೊತ್ತಿರಲಿಲ್ಲ. ಆದರೂ ನಂಬಲಾಗದೆ ತಮ್ಮ ಕಚೇರಿಗೆ ಓಡಿದೆ. ಗುಮಾಸ್ತರು ತಲೆ ಎತ್ತದೆ ಹೇಳಿದರು: “ಹೆಸರು ಹೇಳೋ ಹಾಗಿಲ್ಲ ಮೇಡಂ. ಮನೆಯವರ ಜೊತೆ ಕೂತು ಮಾತಾಡ್ಕೊಳ್ಳಿ, ಗೊತ್ತಾಗುತ್ತೆ.”

ಮಾತಾಡಿಕೊಂಡೆವು. ಬೇಲಿಯ ಮುಳ್ಳು ಕಾಲಿಗೆ ಚುಚ್ಚಿದರೆ ತೆಗೆಯಬಹುದು. ತಮ್ಮ ಗುಮಾಸ್ತರ ಮಾತು ಚುಚ್ಚಿದ ಜಾಗವೇ ಬೇರೆ. ನಾನು ನೇರ ಹೋಗಿ ಅಣ್ಣನ ಅಂಗಳದಲ್ಲಿ ನಿಂತೆ.

“ನನ್ನ ಮುಖ ನೋಡಿ ಹೇಳೋಕೆ ಆಗ್ಲಿಲ್ವಾ? ಕಚೇರಿಗೆ ಹೋಗಿ ದೂರು ಕೊಡಬೇಕಿತ್ತಾ?”

ಅಣ್ಣ ನೋಟೀಸನ್ನು ಎರಡು ಸಲ ಓದಿದ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆಯ ಕಡೆ ಒಮ್ಮೆ ನೋಡಿದ. ಆಮೇಲೆ, “ತೆಗೆದುಬಿಡೋಣ ಬಿಡು” ಎಂದ.

“ಹಾಗಾದ್ರೆ ನೀನೇ?”

“ತೆಗೆದುಬಿಡೋಣ ಅಂದ್ನಲ್ಲ.”

ಇಲ್ಲ ಎನ್ನಲಿಲ್ಲ. ಇಲ್ಲ ಎನ್ನದಿದ್ದರೆ ಹೌದು ಎಂದೇ ಅಲ್ಲವೇ? ನಾನು ಆಡಬಾರದ್ದು ಆಡಿ ಬಂದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಕಡತಕ್ಕೆ ಅದು ಸೇರುವುದು ಬೇಡ. ಅಲ್ಲಿಂದ ಮುಂದೆ ನಡುಗೋಡೆಯ ಈಚೆ ನಾನು, ಆಚೆ ಅವರು. ಅತ್ತಿಗೆ ಬೇಕರಿಯ ಕೆಲಸಕ್ಕೆ ಹೋಗುವಾಗ ನನ್ನ ಗೇಟಿನ ಮುಂದೆ ಹೆಜ್ಜೆ ನಿಧಾನ ಮಾಡುತ್ತಿದ್ದರು; ನಾನು ಒಳಗೆ ಹೋಗುತ್ತಿದ್ದೆ. ಬೆಂಕಿಗೆ ಗಾಳಿ ಊದಿದವರು ತಾವು; ಬೆಂದವರು ಎರಡು ಮನೆಯವರು.

ತಮ್ಮವರು ತೆರವಿಗೆ ಬರುವ ದಿನ ನಾನು ರಜೆ ಹಾಕಿ, ಪರವಾನಗಿ ಹಿಡಿದು, ಯುದ್ಧಕ್ಕೆ ನಿಂತವಳಂತೆ ಗೇಟಿನಲ್ಲಿ ನಿಂತಿದ್ದೆ. ಏಣಿ, ತಂತಿ ಕತ್ತರಿಸುವ ಉದ್ದನೆಯ ಇಕ್ಕಳ ಹೊತ್ತು ಇಬ್ಬರು ಬಂದರು. ಅವರೊಂದಿಗೆ ನಾನು ಜಗಳಕ್ಕೆ ನಿಂತು ದನಿ ಏರಿಸುತ್ತಿರುವಾಗ, ಅವರಲ್ಲಿ ಒಬ್ಬ ನನ್ನ ತಲೆಯ ಮೇಲೆ ನೋಡುತ್ತ, “ಅಲ್ಲಿ ಯಾರೋ ತೆಗೀತಾ ಇದಾರಲ್ಲ” ಎಂದ.

ತಿರುಗಿದೆ. ಅಣ್ಣ ಟ್ಯಾಂಕಿನ ಚೌಕಟ್ಟಿನ ಏಣಿಯ ಮೇಲಿದ್ದ. ಎಡಗೈ ಎತ್ತದಿರಲೆಂದು ಆಸ್ಪತ್ರೆಯವರು ಕತ್ತಿಗೆ ಕಟ್ಟಿದ್ದ ಬಟ್ಟೆಯ ಜೋಳಿಗೆಯನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡಿದ್ದ. ನನ್ನ ತಂತಿಯನ್ನು ಇಕ್ಕಳಕ್ಕೆ ಕೊಡಬಾರದು, ತುಂಡಾಗದಂತೆ ಇಳಿಸಿ ಸುತ್ತಿ ನನ್ನ ಕೈಗಿಡಬೇಕು ಎಂದು ಹತ್ತಿದ್ದನಂತೆ. ಹಗ್ಗ ಕೈತಪ್ಪದಿರಲೆಂದು ಅದನ್ನು ಎಡ ಮುಂಗೈಗೆ ಸುತ್ತಿಕೊಂಡು, ಬಲಗೈಯಿಂದ ಮರಳಿನ ಡಬ್ಬವನ್ನು ಕೊಕ್ಕೆಯಿಂದ ಬಿಡಿಸಿದ. ಡಬ್ಬ ತಾರಸಿಗೆ ಬಿತ್ತು. ಅಲ್ಲಿಯವರೆಗೆ ಡಬ್ಬದ ಭಾರಕ್ಕೆ ಬಾಗಿದ್ದ ಕಂಬ ನನ್ನ ಕಡೆ ಸೆಟೆದು ನಿಲ್ಲಲು ಹೊರಟಿತು. ಹಗ್ಗ ರಾಟೆಯ ಮೇಲೆ ಸರ್ರನೆ ಓಡಿತು. ಅದರ ಜೊತೆ ಅಣ್ಣನ ಎಡಗೈ ಮೇಲಕ್ಕೆ ಹೋಯಿತು. ಹೆಗಲ ಮಟ್ಟ ದಾಟಿತು, ಕಿವಿಯ ಮಟ್ಟ ದಾಟಿತು. ಏಣಿಯನ್ನು ತಬ್ಬಿ ಹಿಡಿದ ಬಲಗೈ ಬಿಟ್ಟರೆ ಕೆಳಗೆ. ಎಡಗೈ ಬಿಡಿಸಿಕೊಳ್ಳೋಣವೆಂದರೆ ಹಗ್ಗ ಬಿಗಿದು ಕೂತಿದೆ. ಅವನು ಕೂಗಲಿಲ್ಲ. ಅವನ ಬಾಯಿ ತೆರೆದದ್ದು ಮಾತ್ರ ಕಂಡಿತು.

“ಅಣ್ಣಾ, ಏಣಿ ಬಿಡಬೇಡ! ಏನೂ ಮಾಡಬೇಡ!”

ತಾರಸಿಗೆ ಓಡುವಷ್ಟು ಹೊತ್ತಿರಲಿಲ್ಲ. ಕಂಬದ ಬುಡಕ್ಕೆ ಓಡಿದೆ. ತಂತಿಯ ಕೆಳತುದಿ ಅಲ್ಲೊಂದು ಪಿಂಗಾಣಿ ಬಿಲ್ಲೆಗೆ ಕಟ್ಟಿತ್ತು, ಗಂಟು ಬಿಗಿಯಾಗಿತ್ತು. ಗಟ್ಟಿ ಇರಲೆಂದು ನಾನೇ ಹಾಕಿದ್ದ ಗಂಟು. ಉಗುರು ಕಿತ್ತುಬಂತು, ಗಂಟು ಬರಲಿಲ್ಲ. ತಮ್ಮವನ ಕೈಯ ಇಕ್ಕಳ ಕಿತ್ತುಕೊಂಡು ನನ್ನ ತಂತಿಯನ್ನು ನಾನೇ ಕತ್ತರಿಸಿದೆ. ತುಂಡಾದ ತುದಿ ಗೋಡೆ ಸವರಿಕೊಂಡು ಮೇಲೇರಿತು, ಬಳೆಯಿಂದ ಪಾರಾಯಿತು, ಎರಡು ಅಂಗಳಗಳ ಮೇಲೆ ಉದ್ದಕ್ಕೆ ಬಿತ್ತು. ಅಣ್ಣನ ಕೈ ಜೋತುಬಿತ್ತು. ಅವನು ಏಣಿಗೆ ಹಣೆಯಾನಿಸಿ ನಿಂತ.

ಆಗ ತಮ್ಮವನು ಇಕ್ಕಳ ವಾಪಸು ಪಡೆಯುತ್ತ ಹೇಳಿದ: “ಒಳ್ಳೇದಾಯ್ತು, ನೀವೇ ತೆಗೆದ್ರಿ. ಹಾಗೇ ಬರ್ಕೊತೀನಿ.” ಬರೆದುಕೊಂಡ. ಅದೇ ತಮ್ಮ ‘ಸ್ವಯಂಪ್ರೇರಿತ ತೆರವು.’

ಅಣ್ಣನನ್ನು ಆಸ್ಪತ್ರೆಗೆ ಒಯ್ದೆವು. ಗುಂಡಿಗೆಯೊಳಗಿನ ತಂತಿ ಜಾಗ ಬಿಟ್ಟಿದೆಯೇ ಎಂದು ನೋಡಲು ಅವನನ್ನು ಒಳಗೆ ಕರೆದುಕೊಂಡು ಹೋದರು. ಹೊರಗಿನ ಬೆಂಚಿನ ಮೇಲೆ ಅತ್ತಿಗೆ, ನಾನು. ಬೇಕರಿಯಿಂದ ಹಾಗೇ ಓಡಿಬಂದಿದ್ದ ಅವರ ಮುಂಗೈಗಳಲ್ಲಿ ಹಿಟ್ಟು ಇನ್ನೂ ಇತ್ತು. ಅವರು ನನ್ನ ಕಡೆ ನೋಡದೆ ಹೇಳಿದರು:

“ನಿಮ್ಮಣ್ಣ ಅಲ್ಲ ಕಣೇ. ಕಚೇರಿಗೆ ಹೋದೋಳು ನಾನು.”

ನಾನು ಬೆಂಚಿನ ಮೇಲೆ ಅವರ ಕಡೆ ತಿರುಗಿದೆ.

“ದೂರು ಕೊಡೋಕೆ ಹೋಗಿರ್ಲಿಲ್ಲ. ನೀನು ರೇಡಿಯೋ ಹಚ್ಚದೆ ಕೂತಿರೋದನ್ನ ನೋಡೋಕಾಗ್ಲಿಲ್ಲ. ಬಿಡುವಿಲ್ಲ ಅಂತೀಯ, ಬೆಳಿಗ್ಗೆ ಎದ್ದು ಸುಮ್ನೆ ಗೋಡೆ ನೋಡ್ತೀಯ. ಇವ್ರ ಎದೇಲಿ ಯಂತ್ರ ಇದೆ, ನಾದಿನಿ ರೇಡಿಯೋ ಹಚ್ಚಬಹುದಾ, ಅಂತ ಕೇಳೋಣ ಅಂತ ಹೋದೆ. ಅಲ್ಲಿ ‘ವಿಚಾರಣೆ’ ಅಂತ ಬೋರ್ಡ್ ಇತ್ತು. ಬಾಯಲ್ಲಿ ಕೇಳಿದ್ರೆ ಆಗಲ್ಲ, ಬರೆದು ಕೊಡಿ ಅಂದ್ರು. ಕೊಟ್ಟೆ.”

“ನನ್ನನ್ನೇ ಕೇಳಬಹುದಿತ್ತಲ್ಲ ಅತ್ತಿಗೆ?”

“ನಿನ್ನನ್ನ ಕೇಳಿದ್ರೆ ನೀನು ಅದನ್ನ ಪೂರ್ತಿ ಬಿಟ್ಟುಬಿಡ್ತಿದ್ದೆ.”

ಹೌದು, ಬಿಟ್ಟುಬಿಡುತ್ತಿದ್ದೆ. ಮಾನ್ಯರೇ, ನಾನು ರೇಡಿಯೋ ಹಚ್ಚಲಿ ಎಂದು ಹೋದವರ ಪ್ರಶ್ನೆಯ ನೆತ್ತಿಗೆ ತಮ್ಮ ಕಚೇರಿ ‘ದೂರು’ ಎಂದು ಬರೆದು ಮುದ್ರೆ ಒತ್ತಿತು. ಪ್ರಶ್ನಾರ್ಥಕ ಚಿಹ್ನೆಯನ್ನು ಕಂಡರೆ ತಮ್ಮಲ್ಲಿ ಯಾರಿಗೂ ಗುರುತು ಹತ್ತುವುದಿಲ್ಲವೇ? ಅಥವಾ ಪ್ರಶ್ನೆಯಾದರೆ ಉತ್ತರ ಕೊಡಬೇಕು, ದೂರಾದರೆ ಬೇರೆಯವರಿಗೆ ನೋಟೀಸು ಕೊಟ್ಟರೆ ಸಾಕು ಎಂಬ ಲೆಕ್ಕಾಚಾರವೇ?

ಅಣ್ಣನ ತಂತಿ ಜಾಗ ಬಿಟ್ಟಿರಲಿಲ್ಲ. ಡಾಕ್ಟರಮ್ಮ ಕೆಂಡವಾಗಿದ್ದರು. “ಕೈ ಎತ್ತಬೇಡಿ ಅಂತ ಹೇಳಿರ್ಲಿಲ್ವಾ? ಯಾಕೆ ಎತ್ತಿದ್ರಿ?”

“ನೋಟೀಸ್ ಬಂದಿತ್ತು ಡಾಕ್ಟ್ರೇ” ಎಂದ ಅಣ್ಣ.

ಆಮೇಲೆ ನಾನು ಕೇಳಿದೆ: ತಪ್ಪನ್ನು ನಿನ್ನ ಮೇಲೆ ಹೊತ್ತುಕೊಳ್ಳದೆ, ನಾನಲ್ಲ ಎಂದು ಅವತ್ತೇ ಹೇಳಬಹುದಿತ್ತಲ್ಲ? ಅವನು ಹೊದಿಕೆಯ ಅಂಚು ಸರಿಮಾಡಿದ. “ನಾನಲ್ಲ ಅಂದಿದ್ರೆ ಇನ್ಯಾರು ಅಂತ ನೀನು ಹುಡುಕ್ತಿದ್ದೆ. ಮನೇಲಿರೋದು ಇಬ್ರೇ.”

ಅತ್ತಿಗೆಯ ಪ್ರಶ್ನೆಯನ್ನು ಅಲ್ಲೇ ಡಾಕ್ಟರಮ್ಮನ ಮುಂದಿಟ್ಟೆ. ಅವರು ನನ್ನ ರೇಡಿಯೋದ ಶಕ್ತಿಯೆಷ್ಟು, ತಂತಿ ಎಲ್ಲಿದೆ ಎಂದು ವಿವರವಾಗಿ ಕೇಳಿಕೊಂಡರು. ದೂರ ಕಾಪಾಡಿದರೆ ಹಚ್ಚಬಹುದು, ಅಣ್ಣ ಓಡಾಡುವ ಕಡೆ ಮಾತ್ರ ತಂತಿ ಬೇಡ, ಹಚ್ಚಿದ ಮೇಲೊಮ್ಮೆ ಯಂತ್ರವನ್ನು ತಪಾಸಣೆ ಮಾಡಿಸಿ ಎಂದರು. ಕೇಳಿದಾಗ ನನಗೇ ನಾಚಿಕೆಯಾಯಿತು. ಇಂಥ ಆಂಟೆನಾದಲ್ಲಿ ವಿದ್ಯುತ್ತಿನ ಒತ್ತಡ ಅತಿ ಹೆಚ್ಚಿರುವುದು ತಂತಿಯ ಕಟ್ಟಕಡೆಯ ತುದಿಯಲ್ಲಿ. ನಾನು ಅದನ್ನು ಕಟ್ಟಿದ್ದು ಅವನು ಸಂಜೆ ಕುರ್ಚಿ ಹಾಕಿಕೊಳ್ಳುವ ತಾರಸಿಗೆ. ಅತ್ತಿಗೆ ಕೇಳಿದ್ದು ಸರಿಯಾದ ಪ್ರಶ್ನೆಯಾಗಿತ್ತು.

ಆದ್ದರಿಂದ ತಮ್ಮ ಎರಡನೆಯ ನೋಟೀಸಿಗೆ ನನ್ನ ಉತ್ತರ: ಹೌದು, ಮತ್ತೆ ಕಟ್ಟಿದ್ದೇನೆ, ಆದರೆ ಅದನ್ನೇ ಅಲ್ಲ. ಈಗ ತಂತಿ ನನ್ನ ನಿವೇಶನದ ಗೆರೆ ದಾಟುವುದಿಲ್ಲ. ಮೋರಿಯ ಕಡೆಯ ಮೂಲೆಯಲ್ಲಿ ನೆಟ್ಟಗೆ ನಿಂತ ಒಂದು ಕಂಬ, ಅದರ ನಡುವೆ ಪೈಪಿಗೆ ಸುತ್ತಿದ ತಾಮ್ರದ ಸುರುಳಿ. ಕಡಿಮೆಬಿದ್ದ ಉದ್ದವನ್ನು ಆ ಸುರುಳಿ ತುಂಬಿಕೊಡುತ್ತದೆ. ಮೊದಲಿನಷ್ಟು ದೂರ ಹೋಗುವುದಿಲ್ಲ. ದ್ವೀಪದ ಮೀನುಗಾರ ಈಗ ಅಪರೂಪಕ್ಕೆ ಸಿಗುತ್ತಾನೆ, ಸಿಕ್ಕರೂ ಬಾವಿಯೊಳಗಿಂದ ಮಾತಾಡಿದಂತಿರುತ್ತಾನೆ. ಅಣ್ಣನ ಯಂತ್ರವನ್ನು ತಪಾಸಣೆ ಮಾಡಿಸಿದ್ದೇವೆ, ಸರಿಯಾಗಿದೆ.

ಆದರೆ ಸರಿಹೋಗದ್ದೊಂದಿದೆ. ಅತ್ತಿಗೆ ಈಗ ಎಲ್ಲಿಯೂ ಏನನ್ನೂ ಕೇಳುವುದಿಲ್ಲ. ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಕೇಳದೆ ಹತ್ತಿ, ಹೋದ ವಾರ ಊರ ಇನ್ನೊಂದು ತುದಿಯಲ್ಲಿ ಇಳಿದರು. ಆಸ್ಪತ್ರೆಯಲ್ಲಿ ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಎಂದು ತಿಳಿಯದೆ ನನ್ನ ಕಿವಿಗೆ ಬಾಗಿ ಪಿಸುಗುಟ್ಟಿದರು: “ಇದನ್ನ ಕೇಳಿದ್ರೆ ಬರ್ಕೊತಾರಾ?”

ನನ್ನ ಬೇಡಿಕೆ ದೊಡ್ಡದಲ್ಲ. ಹೊಸ ಕಂಬವನ್ನು ಬಂದು ಕಣ್ಣಾರೆ ನೋಡಿ, ಆಮೇಲೆ ಆಜ್ಞೆ ಬರೆಯಿರಿ. ತಮ್ಮ ಕಡತದಿಂದ ‘ದೂರುದಾರ’ ಎಂಬ ಪದವನ್ನು ಹೊಡೆದುಹಾಕಿ. ಎಲ್ಲಕ್ಕಿಂತ ಮೊದಲು, ತಮ್ಮ ವಿಚಾರಣೆಯ ಕಿಟಕಿಯಲ್ಲಿ ಒಬ್ಬ ಹೆಂಗಸು ಕೇಳಿದ ಪ್ರಶ್ನೆಗೆ ಉತ್ತರ ಬರೆದು, ಅವರ ಹೆಸರಿಗೇ ಕಳಿಸಿ. ‘ಗೊತ್ತಿಲ್ಲ’ ಎಂಬುದೇ ಉತ್ತರವಾದರೂ ಸರಿ, ಅದನ್ನೇ ಬರೆಯಿರಿ. ಕೇಳಿದವರಿಗೆ ಉತ್ತರ ಬರುತ್ತದೆ ಎಂದು ಅವರಿಗೊಮ್ಮೆ ಗೊತ್ತಾಗಲಿ.

ಇಂತಿ,
ದೂರು ಕೊಡದೆಯೂ ದೂರುದಾರರಾದವರ ನಾದಿನಿ

ವಿ.ಸೂ.: ಮೇಲೆ ಬರೆದಿರುವುದು ದೂರು. ಇದನ್ನು ವಿಚಾರಣೆ ಎಂದು ದಾಖಲಿಸಿಕೊಳ್ಳಬೇಡಿ.