ಆರು ವಾರ ಒಡೆಯದ ಗಾಜು

ನರಸಿಂಹರಾಜಪುರ
25 ಜುಲೈ 2007, ಬುಧವಾರ

ನನ್ನ ಪ್ರೀತಿಯ, ಅತಿ ಪ್ರೀತಿಯ, ಈ ಕ್ಷಣ ಎದುರಿಗೆ ಸಿಕ್ಕರೆ ಏನು ಮಾಡಿಬಿಡುತ್ತೇನೋ ಗೊತ್ತಿಲ್ಲದ ಉಜ್ವಲ್ ಅವರೇ,

ನಾನು ಯಾಕೆ ಫೋನಿಗೆ ಬರುತ್ತಿಲ್ಲ ಎಂದು ನಿನ್ನೆಯಿಂದ ಅಮ್ಮನನ್ನು ಕೇಳುತ್ತಿದ್ದೀರಿ. ಫೋನಿನಲ್ಲಿ ಬೈದರೆ ನೀವು ಆ ಕಡೆ ನಗುತ್ತೀರಿ. ಮದುವೆಯಾಗಿ ಮೂರೇ ತಿಂಗಳು, ಆ ನಗು ಕೇಳಿದರೆ ನನಗೂ ನಗು ಬರುತ್ತದೆ, ಸಿಟ್ಟು ಇಳಿದುಹೋಗುತ್ತದೆ. ಈ ಸಿಟ್ಟು ಇಳಿಯಬಾರದು. ಅದಕ್ಕೇ ಪತ್ರ. ನನ್ನ ಕಾನ್ವೆಂಟ್ ಕನ್ನಡಕ್ಕೆ ಆಮೇಲೆ ನಗುವಿರಂತೆ.

ನಿನ್ನೆ ಪ್ರೇಮಕ್ಕ ಬಂದಿದ್ದರು, ಮೇಗುಂದದ ಶಾಲೆಯಲ್ಲಿ ಬಿಸಿಯೂಟ ಮಾಡುವವರು. ಇಲ್ಲಿ ಅವರ ತಂಗಿಯ ಮಗುವಿಗೆ ನಾಮಕರಣವಂತೆ. ಕಾಫಿ ಕುಡಿಯುತ್ತಾ ಅಮ್ಮನಿಗೆ ನಿಮ್ಮನ್ನು ಹೊಗಳಿದರು. "ನಿಮ್ಮ ಅಳಿಯನಂತೋರು ಸಿಗದಿಲ್ಲ ಮಾರಾಯ್ತಿ. ನಮ್ಮ ಶಾಲೆ ನೀರಿನ ಟ್ಯಾಂಕಿನ ಗಾಜು ಒಡೆದಾಗೆಲ್ಲ ಅಂಗಡಿಯಿಂದ ಹೊಸಾದು ತಂದು ಅಂಟಿಸಿ ಹೋಗ್ತಾರೆ. ನಾಕು ಸಲ ನಾನೇ ಏಣಿ ಹಿಡ್ಕಂಡಿದೀನಿ."

ಅಮ್ಮ ಹೆಮ್ಮೆಯಿಂದ ಅವರ ತಟ್ಟೆಗೆ ಇನ್ನೊಂದು ವಡೆ ಹಾಕಿದರು. ನಾನು ಎದ್ದು ಹಿತ್ತಲಿಗೆ ಹೋದೆ.

ನಾಲ್ಕು ಸಲ!

ಒಂದನೇ ಕ್ಲಾಸಿನವರಿಗೆ ಹೇಳುವಂತೆ ಮತ್ತೊಮ್ಮೆ ಹೇಳುತ್ತೇನೆ, ಕೇಳಿ. ಟ್ಯಾಂಕು ಹೊತ್ತ ತೊಲೆಯ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸುವುದು ಅಲಂಕಾರಕ್ಕಲ್ಲ. ಬಿರುಕು ಬೆಳೆದರೆ ಗಾಜು ಒಡೆಯುತ್ತದೆ. ಒಡೆಯುವುದೇ ಅದರ ಕೆಲಸ. ಮೇ ತಿಂಗಳಲ್ಲಿ ಬಾಳಗಡಿಯ ನಿಮ್ಮ ಗಾಜಿನಂಗಡಿಯಲ್ಲಿ ಕೂತು, ನೀವು ಕೈಹಿಡಿದು ಕಲಿಸಿದಂತೆ ನಾನೇ ಆ ಪಟ್ಟಿಗಳನ್ನು ಕೊಯ್ದೆ. ನನ್ನ ಥೀಸಿಸ್ಸಿಗೆಂದು ಆ ತೊಲೆಗೆ ಇಬ್ಬರೂ ಸೇರಿ ಅಂಟಿಸಿದೆವು. ಅದೇ ನಮ್ಮ ಹನಿಮೂನ್ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಆಮೇಲೆ ನಾನು ಹಾಸ್ಟೆಲಿಗೆ ಹೋದೆ. ನೀವು ಆರು ವಾರ ಆರು ಫೋಟೋ ಕಳಿಸಿದಿರಿ, ಪ್ರತಿಯೊಂದರ ಕೆಳಗೂ "ಗಾಜು ಹಾಗೇ ಇದೆ, ನನ್ನ ಮನಸ್ಸಿನ ಹಾಗೆ" ಎಂದು ಬರೆದು. ಪ್ರಿಂಟ್ ತೆಗೆಸಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಥೂ.

ಹೆಣ್ಣು ನೋಡಲು ಬಂದ ದಿನ ನೆನಪಿದೆಯಾ? ಎಂ.ಟೆಕ್ ಎಂದು ಹೇಳಿ ಸುಮ್ಮನಾಗು ಎಂದು ಅಮ್ಮ ಕಲಿಸಿದ್ದರು. ನನ್ನ ಥೀಸಿಸ್ ಏನು ಎಂದು ಕೇಳಿದವರು ನೀವೊಬ್ಬರೇ. ಚೌಕ ಚೌಕ ಕೊಯ್ದಿಟ್ಟಿದ್ದ ಕೊಬ್ಬರಿ ಮಿಠಾಯಿಯ ತಟ್ಟೆಯನ್ನೇ ಎಳೆದುಕೊಂಡು ನಿಮಗೆ ಎಕ್ಸ್‌ಫೆಮ್, ಅಂದರೆ ಬಿರುಕು ಬೆಳೆಯುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿಧಾನ, ಹೇಳಿಕೊಟ್ಟೆ. ಹಳೆಯ ವಿಧಾನದಲ್ಲಿ ಬಿರುಕು ಕೊಯ್ದ ಗೆರೆಯ ಮೇಲೇ ಹೋಗಬೇಕು, ಅದು ಬೆಳೆದಾಗಲೆಲ್ಲ ತಟ್ಟೆಯನ್ನೇ ಹೊಸದಾಗಿ ಕೊಯ್ಯಬೇಕು. ಇದರಲ್ಲಿ ಚೌಕಗಳು ಇದ್ದಲ್ಲೇ ಇರುತ್ತವೆ. ಬಿರುಕು ಯಾವ ಚೌಕವನ್ನು ಸೀಳಿ ಹೋಗುತ್ತದೋ ಅದರ ಮೂಲೆಗಳಿಗೆ ಮಾತ್ರ ಹೆಚ್ಚಿನ ಲೆಕ್ಕ ಕೊಡುತ್ತೇವೆ, ಆ ಪಕ್ಕ ಎಷ್ಟು ಸರಿಯಿತು, ಈ ಪಕ್ಕ ಎಷ್ಟು ಎಂದು ತಿಳಿಯಲು. ಬಿರುಕಿನ ತುದಿ ಇರುವ ಚೌಕಕ್ಕೆ ಇನ್ನೂ ಹೆಚ್ಚು. ನೀವು ಒಡೆದ ಮಿಠಾಯಿ ಬಾಯಿಗೆ ಹಾಕಿಕೊಂಡು, ತುದಿ ಎಲ್ಲಿದೆ ಎಂದು ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದಿರಿ. ಅದಕ್ಕೆ ಗೊತ್ತಾಗುವುದಿಲ್ಲ, ನಾವು ನೋಡಿ ಹೇಳಬೇಕು ಎಂದೆ. ಅಂಥ ಪ್ರಶ್ನೆ ಕೇಳಿದ ಗಂಡಸನ್ನು ಅಲ್ಲೇ ಒಪ್ಪಿಬಿಟ್ಟೆ.

ಈ ಟ್ಯಾಂಕಿನ ಲೆಕ್ಕದಲ್ಲಿ ನಾನು ಕಂಪ್ಯೂಟರಿಗೆ ಏನು ಹೇಳಿದೆ? ನಿಮ್ಮ ಫೋಟೋ ನಂಬಿ, ತುದಿ ನಿಂತಲ್ಲೇ ನಿಂತಿದೆ ಎಂದೆ. ಅದು ನಂಬಿತು. ಬಿರುಕು ಸತ್ತಿದೆ, ಟ್ಯಾಂಕ್ ತುಂಬಿಸಬಹುದು ಎಂದು ನನ್ನ ಸಹಿ ಹಾಕಿ ಶಾಲೆಗೆ ವರದಿ ಕೊಟ್ಟೆ. ಆ ಟ್ಯಾಂಕಿನ ಕೆಳಗೇ ನಲ್ಲಿಗಳ ಸಾಲು. ಮಧ್ಯಾಹ್ನ ಮಕ್ಕಳೆಲ್ಲ ತಟ್ಟೆ ತೊಳೆಯುವುದು ಅಲ್ಲೇ. ನೀವೂ ಆ ಶಾಲೆಯಲ್ಲಿ ಓದಿದವರು, ಅಲ್ಲೇ ತಟ್ಟೆ ತೊಳೆದವರು.

ಪ್ರೇಮಕ್ಕ ಹೊರಟ ಮರುಕ್ಷಣ ಹೆಡ್‌ಮಾಸ್ಟರ್ ಕೃಷ್ಣಪ್ಪನವರಿಗೆ ಫೋನ್ ಮಾಡಿದೆ. ಟ್ಯಾಂಕ್ ಈಗಲೇ ಖಾಲಿ ಮಾಡಿಸಿ, ಮಕ್ಕಳನ್ನು ಆ ಕಡೆ ಬಿಡಬೇಡಿ ಎಂದೆ. ಅವರು, "ನಿನ್ನ ವರದಿ ಓದಿಯೇ ತುಂಬಿಸಿದ್ದು ಕಣಮ್ಮ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸಂಜೆಯ ಹೊತ್ತಿಗೆ ಟ್ಯಾಂಕ್ ಖಾಲಿಯಾಯಿತು. ಕೆಳಗಿನ ನೆಲವನ್ನು ಹಗ್ಗ ಕಟ್ಟಿ ಬಂದ್ ಮಾಡಿದ್ದಾರೆ.

ನೀವು ಯಾಕೆ ಹೀಗೆ ಮಾಡಿದಿರಿ ಎಂದು ಕೇಳುವುದಿಲ್ಲ. ಗಾಜು ಒಡೆದರೆ ಲೆಕ್ಕವೆಲ್ಲ ಮೊದಲಿನಿಂದ, ದೀಪಾವಳಿಯವರೆಗೂ ಹಾಸ್ಟೆಲೇ ಗತಿ ಎಂದು ಹೊರಡುವ ದಿನ ನಿಮ್ಮ ಭುಜಕ್ಕೆ ಒರಗಿ ಅತ್ತವಳು ನಾನೇ. ಹೆಂಡತಿ ಬೇಗ ಮನೆಗೆ ಬರಲಿ ಎಂದು ಗಾಜು ಬದಲಿಸಿದಿರಿ. ಎಷ್ಟು ಮುದ್ದು! ಎಂಥ ಪೆದ್ದತನ! ನನ್ನ ಕೈಯಲ್ಲಿ ಸುಳ್ಳು ಬರೆಸಿದಿರಿ, ಉಜ್ವಲ್. ಬೇರೆ ಏನು ಮಾಡಿದ್ದರೂ ಇಷ್ಟು ಹೊತ್ತಿಗೆ ಕ್ಷಮಿಸಿರುತ್ತಿದ್ದೆ.

ಈ ಪತ್ರ ನಾಳೆ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬರುತ್ತದೆ. ಪ್ರತಿ ಗಾಜು ಯಾವ ದಿನ ಒಡೆದಿತ್ತು, ಎಲ್ಲಿ ಒಡೆದಿತ್ತು, ನೆನಪಿದ್ದಷ್ಟನ್ನೂ ಬರೆದಿಡಿ. ಚೂರುಗಳು ಉಳಿದಿದ್ದರೆ ಎಸೆಯಬೇಡಿ. ಶುಕ್ರವಾರ ಮೇಗುಂದಕ್ಕೆ ಬರುತ್ತೇನೆ. ಆಷಾಢದಲ್ಲಿ ಹೊಸ ಸೊಸೆ ಅತ್ತೆಯ ಹೊಸ್ತಿಲು ತುಳಿಯಬಾರದು ಎಂದು ಅಮ್ಮ ಆಗಲೇ ಶುರುಮಾಡಿದ್ದಾರೆ. ನಾನು ಬಾಳಗಡಿಯ ಮನೆಗೆ ಬರುವುದಿಲ್ಲ, ಅತ್ತೆಗೆ ಹೇಳಿ. ಶಾಲೆಯ ಅಂಗಳಕ್ಕೆ ಹೊಸ್ತಿಲಿಲ್ಲ. ಹತ್ತು ಗಂಟೆಗೆ ಏಣಿ ತಂದು ಅಲ್ಲಿ ನಿಂತಿರಿ.

ಇನ್ನೂ ಸಿಟ್ಟಿನಲ್ಲೇ ಇರುವ,
ನಿಮ್ಮ
ನಿಶ್ಚಿತಾ

ಮರೆತ ಮಾತು: ಅಲ್ಲ, ಮರೆತಿರಲಿಲ್ಲ, ಬರೆಯುವ ಧೈರ್ಯ ಇರಲಿಲ್ಲ. ಅಂಟಿಸುವ ಮೊದಲು ನಿಮ್ಮ ವಜ್ರದ ಕಟರಿನಿಂದ ಪ್ರತಿ ಗಾಜಿನ ಮೂಲೆಯಲ್ಲೂ ಸಣ್ಣದಾಗಿ 'ನಿ' ಎಂದು ಗೀರಿದ್ದೆ. ನಿಮಗೆ ಹೇಳಿರಲಿಲ್ಲ. ಎರಡನೇ ವಾರದ ಫೋಟೋದಲ್ಲೇ ಒಂದು ಗಾಜಿನ ಮೇಲೆ ಆ ಗುರುತು ಇರಲಿಲ್ಲ. ದೊಡ್ಡದು ಮಾಡಿ ನೋಡಿದೆ. ಬೆಳಕು ಬಿದ್ದು ಕಾಣುತ್ತಿಲ್ಲ ಎಂದುಕೊಂಡು ಮುಚ್ಚಿದೆ. ನನಗೂ ಬೇಗ ಮನೆಗೆ ಬರಬೇಕಿತ್ತು. ಇದನ್ನು ಕೃಷ್ಣಪ್ಪನವರಿಗೆ ಶುಕ್ರವಾರ ನಾನೇ ಹೇಳುತ್ತೇನೆ. ನೀವು ಪಕ್ಕದಲ್ಲಿರಿ.